ಪಿಪ್‌ಟೂ ಮುಗಿದಿದೆ

ಅಕ್ಕ ಠೂ ಬಿಟ್ಟು ಅಂದಿಗೆ ಹತ್ತೊಂಬತ್ತು ದಿನವಾಗಿತ್ತು. ಐವತ್ತೆರಡು ವರ್ಷದ, ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವ, ಒಂದು ಪ್ರಯೋಗಾಲಯದ ಅರ್ಧಕ್ಕೆ ಒಡತಿಯಾದ ವಿಜ್ಞಾನಿಯೊಬ್ಬಳು ಕಿರುಬೆರಳು ಚಾಚಿ "ಠೂ" ಅಂದಳೆಂದರೆ ಯಾರೂ ನಂಬಲಿಕ್ಕಿಲ್ಲ. ಅಂದದ್ದಂತೂ ನಿಜ, ಅದೂ ತುಂಬಿದ ಸಭೆಯ ಎದುರು. ಇನ್ನರ್ಧದ ಒಡತಿ ಅವಳ ತಂಗಿ. ಅವಳೂ ಅಷ್ಟೇ ಗಂಭೀರವಾಗಿ ಕಿರುಬೆರಳು ಚಾಚಿ ಆ ಠೂವನ್ನು ಒಪ್ಪಿಕೊಂಡಿದ್ದಳು.

ಜಗಳದ ಮೂಲ ಒಂದು ಕೊಬ್ಬು. ಜೀವಕೋಶದ ಹೊರಪೊರೆಯಲ್ಲಿರುವ ಆ ಕೊಬ್ಬಿನ ಪೂರ್ತಿ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಕಾಫಿ ಆರಿಹೋಗುತ್ತದೆ, ಹಾಗಾಗಿ ಎಲ್ಲರೂ ಪಿಪ್‌ಟೂ ಅನ್ನುತ್ತಾರೆ. ಹೊರಗಿನಿಂದ ಹಾರ್ಮೋನೊಂದು ಸುದ್ದಿ ತಂದರೆ ಅದು ಒಳಗೆ ಕಾಲಿಡುವುದಿಲ್ಲ, ಬಾಗಿಲು ಬಡಿದು ಅಲ್ಲೇ ನಿಲ್ಲುತ್ತದೆ. ಆಗ ಒಂದು ಕಿಣ್ವ ಬಂದು ಪಿಪ್‌ಟೂವನ್ನು ಕಚಕ್ಕನೆ ಎರಡು ಮಾಡುತ್ತದೆ. ಜಿಡ್ಡಿನ ಭಾಗ, ಅದರ ಹೆಸರು ಡ್ಯಾಗ್, ನೀರಿಗಿಳಿಯಲಾರದೆ ಪೊರೆಯಲ್ಲೇ ಕೂರುತ್ತದೆ. ಇನ್ನೊಂದು ಭಾಗ ಐಪಿತ್ರೀ. ಇನೋಸಿಟಾಲ್ ಎಂಬ ಪುಟ್ಟ ಉಂಗುರವದು, ಮೈಮೇಲೆ ಮೂರು ಫಾಸ್ಫೇಟ್ ಹೊತ್ತು ಒಳಗೋಡಿ, ಕ್ಯಾಲ್ಸಿಯಂ ಕೂಡಿಟ್ಟ ಉಗ್ರಾಣದ ಬಾಗಿಲು ತೆರೆಯುತ್ತದೆ. ಅಕ್ಕನ ಪಾಲಿಗೆ ಡ್ಯಾಗ್, ತಂಗಿಯ ಪಾಲಿಗೆ ಐಪಿತ್ರೀ. ಇಪ್ಪತ್ತು ವರ್ಷ ಹೀಗೇ ಸುಖವಾಗಿ ನಡೆದಿತ್ತು.

ಆವತ್ತು ಸಭೆಯಲ್ಲಿ ಜನ ತೂಕಡಿಸುತ್ತಿದ್ದುದನ್ನು ನೋಡಿ ತಂಗಿ, "ಡ್ಯಾಗ್ ಅಂದ್ರೆ ಗೋಡೆಗಂಟಿದ ಜಿಡ್ಡು. ಕೂತಲ್ಲಿಂದ ಅಲ್ಲಾಡಲ್ಲ. ಓಡಾಡಿ ಕೆಲಸ ಮಾಡೋದೆಲ್ಲ ನಮ್ಮ ಐಪಿತ್ರೀನೇ," ಅಂದಳು. ಜನ ನಕ್ಕರು. ನಕ್ಕವರು ಅಕ್ಕನ ಕಡೆ ತಿರುಗಿಯೂ ನೋಡಿದರು. ಅಕ್ಕ ಮೈಕೈ ತುಂಬಿಕೊಂಡ ಹೆಂಗಸು, ಕುರ್ಚಿ ಬಿಟ್ಟು ಏಳುವುದು ಅಪರೂಪ. ಅವಳಿಗೆ ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು.

ಅಂದಿನಿಂದ ಇಬ್ಬರ ಮಾತು ಹೊರುವ ಕೆಲಸ ಗಾಜಿನ ಸಾಮಾನು ತೊಳೆಯುವವನ ತಲೆಗೆ ಬಿತ್ತು. ಟಪಾಲಣ್ಣ ಎಂಬ ಹೆಸರೂ ಆಗಲೇ ಬಿದ್ದದ್ದು. ಅವನೋ, ದೊಡ್ಡ ಮಾತನ್ನು ದಾರಿಯಲ್ಲೇ ಗಿಡ್ಡ ಮಾಡಿ ಮುಟ್ಟಿಸುವವನು. "ಬಾಗಿಲು ಧಡಾರ್ ಅಂತ ಹಾಕ್ಬೇಡ ಅಂತ ಅವಳಿಗೆ ಹೇಳು," ಎಂದು ಅಕ್ಕ ಕಳಿಸಿದರೆ, ಇಬ್ಬರ ಮೇಜಿನ ನಡುವಿನ ಹನ್ನೊಂದು ಹೆಜ್ಜೆ ದಾಟಿ, "ಬಾಗಿಲು ಹಾಕ್ಬೇಡಿ ಅಂತೆ," ಎಂದು ಒಪ್ಪಿಸಿದ. ಆ ದಿನವಿಡೀ ಬಾಗಿಲು ಹಾರುಹೊಡೆದುಕೊಂಡಿತ್ತು, ಒಳಗೆಲ್ಲ ಧೂಳು.

ಠೂ ಬಿಟ್ಟವರೇ ಮೊದಲು ರಾಜಿ ಕೇಳಬೇಕು ಎಂಬುದು ಇಬ್ಬರೂ ಲಂಗ ಹಾಕುತ್ತಿದ್ದ ಕಾಲದ ಕಾನೂನು. ಅಂದರೆ ಕೇಳಬೇಕಾದವಳು ಅಕ್ಕ. ಕೇಳುವ ಆಸೆ ಅವಳಿಗೂ ಇತ್ತು. ನಾಲಿಗೆಯ ತುದಿಗೆ ಬಂದದ್ದು ಅಲ್ಲೇ ಕೂತುಬಿಡುತ್ತಿತ್ತು, ಅಷ್ಟೇ.

ಬದಲಿಗೆ ಅವಳು ಹಟಕ್ಕೆ ಬಿದ್ದಳು. ಕೋಶದೊಳಗೆ ಒಂದು ಪ್ರೋಟೀನ್ ಇದೆ, ಮಹಾ ಸೋಮಾರಿ. ಎಚ್ಚರಾದರೆ ಪೊರೆಗೆ ಹೋಗಿ ಅಂಟಿಕೊಂಡು ದುಡಿಯುತ್ತದೆ. ಅದಕ್ಕೆ ಹಸಿರು ಹೊಳಪು ಕಟ್ಟಿ, ಸೂಕ್ಷ್ಮದರ್ಶಕದಲ್ಲಿ ಕೋಶದ ಅಂಚಿಗೆ ಹಸಿರು ಬಳೆ ಮೂಡುವುದನ್ನೇ ಕಾಯುತ್ತಿದ್ದಳು. ಅದನ್ನು ಎಬ್ಬಿಸಲು ಡ್ಯಾಗ್ ಒಂದೇ ಸಾಕು, ತಂಗಿಯ ಕ್ಯಾಲ್ಸಿಯಂ ಗಿಲ್ಸಿಯಂ ಯಾವುದೂ ಬೇಡ ಎಂದು ತೋರಿಸಬೇಕಿತ್ತು. ಹಸಿರು ಮಾತ್ರ ಗಂಜಿಯ ಹಾಗೆ ಹರಡಿಕೊಂಡೇ ಇತ್ತು. ತಂಗಿಯ ಕಡೆ ಕ್ಯಾಲ್ಸಿಯಂ ಉಕ್ಕಿದಾಗ ಬಳೆ ಮೂಡಿ, ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯವಾಗುತ್ತಿದೆ ಎಂದು ಟಪಾಲಣ್ಣ ಸುದ್ದಿ ತಂದಿದ್ದ. ಎರಡೂ ಒಟ್ಟಿಗಿದ್ದರೆ ಮಾತ್ರ ಬಳೆ ನಿಲ್ಲುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಬಾಯಿ ಬಿಡುವವರಿರಲಿಲ್ಲ.

ಆ ಮಧ್ಯಾಹ್ನ ಟಪಾಲಣ್ಣ ಒಂದು ಅರ್ಜಿ ತಂದಿಟ್ಟ. "ಚಿಕ್ಕ ಮೇಡಂ ಸಾಮಾನೆಲ್ಲ ತಗೊಂಡು ಮೂರನೇ ಮಹಡಿಗೆ ಹೋಗ್ತಾರಂತೆ. ನಾಲ್ಕು ಗಂಟೆಯೊಳಗೆ ನಿಮ್ಮ ಸಹಿ ಬೇಕಂತೆ."

ತಂಗಿ ಇಲ್ಲದ ಆ ಹನ್ನೊಂದು ಹೆಜ್ಜೆಯನ್ನು ಅಕ್ಕನಿಂದ ನೆನೆಯಲೂ ಆಗಲಿಲ್ಲ. ಹೋಗಬೇಡ ಅನ್ನಲೂ ಬಾಯಿ ಬರಲಿಲ್ಲ. ಹೊತ್ತು ತಳ್ಳಲು ತೋಚಿದ್ದನ್ನು ಹೇಳಿಬಿಟ್ಟಳು: "ಸಹಿ ಆಮೇಲೆ. ನನ್ನ ಪಿಪ್‌ಟೂ ಮುಗಿದಿದೆ, ಹೋಗಿ ಹೇಳು."

ಮುಗಿದಿರಲಿಲ್ಲ. ಎರಡು ಶೀಶೆ ಫ್ರಿಜ್ಜಿನಲ್ಲಿ ತಣ್ಣಗೆ ಕೂತಿದ್ದವು.

ಪಿಪ್ ಗಿಪ್ ಅನ್ನಲು ಟಪಾಲಣ್ಣನಿಗೆ ಮೊದಲಿಂದಲೂ ನಾಚಿಕೆ. ಆ ತುದಿಯಲ್ಲಿ ಅವನು ಹೇಳಿದ್ದು ಇಷ್ಟು: "ದೊಡ್ಡ ಮೇಡಂದು ಟೂ ಮುಗಿದಿದೆಯಂತೆ."

ಏನೋ ಬಿದ್ದ ಸದ್ದಾಯಿತು. ಮರುಗಳಿಗೆ ತಂಗಿ ಅಕ್ಕನ ಮೇಜಿನ ಮುಂದೆ ನಿಂತಿದ್ದಳು. ಒಂದು ಕೈಯಲ್ಲಿ ಐಪಿತ್ರೀ ಶೀಶೆ, ಮೂಗು ಕೆಂಪು, ಇನ್ನೊಂದು ಕೈಯ ಕಿರುಬೆರಳು ರಾಜಿಯ ಕೊಂಡಿಗೆಂದು ಮುಂದಕ್ಕೆ.

"ನಿಜವಾಗ್ಲೂ ಮುಗೀತಾ ಅಕ್ಕಾ?"

ಎಡವಟ್ಟು ಎಲ್ಲಾಯಿತೆಂದು ಅಕ್ಕನಿಗೆ ಹೊಳೆಯಿತು. ತಿದ್ದಲು ತೆರೆದ ಬಾಯನ್ನು ಹಾಗೇ ಮುಚ್ಚಿ, ತನ್ನ ಕಿರುಬೆರಳನ್ನೂ ಮುಂದೆ ಮಾಡಿದಳು.

ಆಮೇಲೆ ಇಬ್ಬರೂ ಸೂಕ್ಷ್ಮದರ್ಶಕಕ್ಕೆ ಬಿದ್ದರು. ಅಕ್ಕನ ಮೇಜಿನ ಒಂದು ಕಾಲು ಗಿಡ್ಡ, ಯಾರು ಸೀನಿದರೂ ಚಿತ್ರ ಅದುರುತ್ತಿತ್ತು. ತಂಗಿ ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಆ ಕಾಲಿನ ಅಡಿಗೆ ತುರುಕಿದಳು. ಅಕ್ಕ ಡ್ಯಾಗ್ ಹಾಕಿದಳು. ತಂಗಿ ಕೂದಲಿಗಿಂತ ಸಣ್ಣ ಸೂಜಿಯಿಂದ ಐಪಿತ್ರೀ ಚುಚ್ಚಿದಳು. ಗಂಜಿ ಕದಲಿತು, ಅಂಚಿಗೆ ಸರಿಯಿತು, ಹಸಿರು ಬಳೆಯಾಗಿ ನಿಂತಿತು. ನಿಂತೇ ಇತ್ತು. ಇಬ್ಬರೂ ಚಿಕ್ಕ ಮಕ್ಕಳ ಹಾಗೆ ಕಿರುಚಿದರು.

"ಇನ್ಮೇಲೆ ಇದು ಇಲ್ಲೇ ಇರ್ಲಿ," ಎನ್ನುತ್ತ ತಂಗಿ ತನ್ನ ಶೀಶೆ ಇಡಲು ಫ್ರಿಜ್ಜು ತೆರೆದಳು. ಹಿಂದೆಯೇ ಇಣುಕಿದ ಟಪಾಲಣ್ಣ ನಾಚಿಕೆ ಮರೆತು ಸಿಡುಕಿದ: "ಏನ್ ಮೇಡಂ, ಪಿಪ್‌ಟೂ ಮುಗಿದಿದೆ ಅಂತ ನನ್ನನ್ನ ಓಡಿಸಿದ್ರಲ್ಲ, ಇಲ್ಲಿ ಎರಡು ಶೀಶೆ ಇದೆ!"

ಹತ್ತೊಂಬತ್ತು ದಿನದಲ್ಲಿ ಅವನು ಒಂದು ಮಾತನ್ನು ಪೂರ್ತಿ ಮುಟ್ಟಿಸಿದ್ದು ಅದೇ ಮೊದಲು.

ತಂಗಿಯ ಮುಖ ಇಷ್ಟಗಲವಿದ್ದದ್ದು ಇಷ್ಟೇ ಇಷ್ಟಾಯಿತು. "ಓ. ನೀನು ಹೇಳಿ ಕಳಿಸಿದ್ದು ಅದಾ," ಅಂದಳು. ಬಗ್ಗಿ ಮೇಜಿನ ಕಾಲಿನತ್ತ ಕೈ ಚಾಚಿದಳು.

ಅಷ್ಟರಲ್ಲಿ ಅಕ್ಕನ ಪಾದ ಅರ್ಜಿಯ ಮೇಲೆ ಬಿತ್ತು.

"ಅದು ಮುಗಿದಿರ್ಲಿಲ್ಲ ಕಣೆ. ಮುಗೀಬೇಕಾಗಿದ್ದು ಇನ್ನೊಂದು, ಅದನ್ನ ಹೇಳಕ್ಕೆ ನಂಗೆ ಬಾಯಿ ಬರ್ಲಿಲ್ಲ. ಈಗ ಹೇಳ್ತಿದೀನಿ. ರಾಜಿ."

"ಕಾಲು ತೆಗಿ ಅಕ್ಕ."

"ತೆಗಿಯಲ್ಲ. ನೀನೇ ಹೇಳಿದ್ಯಲ್ಲ, ಗೋಡೆಗಂಟಿದ ಜಿಡ್ಡು ಅಂತ," ಎಂದು ಅಕ್ಕ ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡು ಭದ್ರವಾಗಿ ಕೂತಳು. "ನಾನು ಅಲ್ಲಾಡಲ್ಲ."