ಹದಿನೈದು ನಿಮಿಷದ ರೊಟ್ಟಿ

ಶವಪೆಟ್ಟಿಗೆಯ ಹಿಡಿಗೆ ಬಡಗಿ ಕೊನೆಯ ಸ್ಕ್ರೂ ತಿರುಗಿಸುತ್ತಿದ್ದ. ಗಡಿಯಾರದಣ್ಣ ಪಕ್ಕದ ಕುರ್ಚಿಯಲ್ಲಿ ಕೂತು ಅದು ಎಷ್ಟು ಸುತ್ತು ತಿರುಗಿತೆಂದು ಎಣಿಸಿದ. ಹನ್ನೊಂದು ಸುತ್ತು. ಹೆಂಡತಿ ಸತ್ತ ಮನೆಯಲ್ಲಿ ಗಂಡ ಎಣಿಸುವುದು ಇದನ್ನಲ್ಲ ಎಂದು ಅವನಿಗೂ ಗೊತ್ತಿತ್ತು. ಆದರೆ ನಿನ್ನೆ ಬೆಳಗಿನಿಂದ ಅವನಿಗೆ ಅಳು ಬಂದಿಲ್ಲ, ಹಸಿವಾಗಿಲ್ಲ. ಯಾರೋ ಕೈಗೆ ಕೊಟ್ಟ ಚಹಾ ಕೈಯಲ್ಲೇ ಆರಿತ್ತು. ನಲವತ್ತೈದು ವರ್ಷ ವಾಚು ರಿಪೇರಿ ಮಾಡಿದ ಕಣ್ಣು ಮಾತ್ರ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು.

ಒಳಗಿನ ಕೋಣೆಯಲ್ಲಿ ಹೆಂಡತಿಯ ತಂಗಿ ಬಂದವರಿಗೆಲ್ಲ ಅದೇ ಕತೆ ಹೇಳುತ್ತಿದ್ದಳು. ಮೂವತ್ತೊಂಬತ್ತು ವರ್ಷದ ಹಿಂದಿನ ಬೆಂಕಿಯ ಕತೆ. ಹೇಳಿ ಹೇಳಿ ಅದು ಅವಳ ನಾಲಿಗೆಯ ಮೇಲೆ ನುಣುಪಾಗಿತ್ತು.

"ಭಾವ ಆವತ್ತು ಮಗೂನ ರಗ್ಗಲ್ಲಿ ಸುತ್ಕೊಂಡು ಹೊಗೆಯೊಳಗಿಂದ ಓಡಿ ಬರ್ದೇ ಇದ್ದಿದ್ರೆ, ಇವತ್ತು ಅಕ್ಕನ ತಲೆ ಹತ್ರ ಕೂರೋಕೆ ಮಗಳೇ ಇರ್ತಿರ್ಲಿಲ್ಲ."

ಕೇಳಿದವರು ಹೊರಗೆ ಬಂದು ಗಡಿಯಾರದಣ್ಣನ ಕೈ ಹಿಡಿದು ಒತ್ತಿದರು. ಅವನು ಒತ್ತಿಸಿಕೊಂಡ. ಮೂವತ್ತೊಂಬತ್ತು ವರ್ಷದಿಂದ ಒತ್ತಿಸಿಕೊಂಡೇ ಬಂದಿದ್ದ.

ಹನ್ನೆರಡರ ಹೊತ್ತಿಗೆ ಪಾಸ್ಟರ್ ಬಂದರು. ಬಾಗಿ, ತಗ್ಗಿದ ದನಿಯಲ್ಲಿ, ಮೂರು ಗಂಟೆಯ ಆರಾಧನೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುಭೋಜನ ಇರಲೇಬೇಕೆಂದು ಅವನ ಹೆಂಡತಿ ರೊಟ್ಟಿಯಮ್ಮ ಆಸ್ಪತ್ರೆಯಲ್ಲಿ ಕೇಳಿಕೊಂಡಿದ್ದನ್ನು ನೆನಪಿಸಿದರು. ದ್ರಾಕ್ಷಾರಸ ಚರ್ಚಿನಲ್ಲಿದೆ. ರೊಟ್ಟಿ ಮಾತ್ರ ಇಲ್ಲ. ಇಷ್ಟು ವರ್ಷ ಅದನ್ನು ಮಾಡಿದವಳು ಪೆಟ್ಟಿಗೆಯಲ್ಲಿ ಮಲಗಿದ್ದಳು. ಅಂಗಡಿಯಿಂದ ತರಿಸೋಣವೇ ಎಂದು ಅವರು ಕೇಳಿದರು.

"ಬೇಡ. ನಾನು ಮಾಡ್ತೀನಿ," ಎಂದಳು ಬಾಗಿಲಲ್ಲಿ ನಿಂತಿದ್ದ ಮಗಳು.

ಮಗಳು ಶಾಲೆಯಲ್ಲಿ ಲೆಕ್ಕದ ಟೀಚರ್. ವೃತ್ತದ ಸುತ್ತಳತೆಯನ್ನು ನಿದ್ದೆಯಲ್ಲೂ ಹೇಳುತ್ತಾಳೆ, ಆದರೆ ಅವಳು ಲಟ್ಟಿಸಿದ ಒಂದು ರೊಟ್ಟಿಯೂ ಈವರೆಗೆ ದುಂಡಗೆ ಬಂದದ್ದಿಲ್ಲ.

*

ರೊಟ್ಟಿಯಮ್ಮನ ಕಟ್ಟಳೆ ಚರ್ಚಿಗೆಲ್ಲ ಗೊತ್ತಿತ್ತು. ಹಿಟ್ಟಿಗೆ ನೀರು ಬಿದ್ದ ಗಳಿಗೆಯಿಂದ ಹದಿನೈದು ನಿಮಿಷದೊಳಗೆ ರೊಟ್ಟಿ ಕಾವಲಿಯ ಮೇಲಿರಬೇಕು. ಒಂದು ನಿಮಿಷ ಮೀರಿದರೂ ಆ ಹಿಟ್ಟು ಹಕ್ಕಿಗಳ ಪಾಲು. ಹಿಟ್ಟು ಕಲಸುವಾಗ ಮನೆಯೊಳಗೇ ಚಪ್ಪಲಿ ಮೆಟ್ಟಿರುತ್ತಿದ್ದಳು, ಸೊಂಟಕ್ಕೊಂದು ಬಟ್ಟೆ ಬಿಗಿದಿರುತ್ತಿದ್ದಳು. ಹೊರಟವಳ ಹಾಗೆ ನಿಂತೇ ಕಲಸುತ್ತಿದ್ದಳು.

ಪಸ್ಕ ಹಬ್ಬದ ಕತೆಯನ್ನು ಮಗಳಿಗೆ ಅವಳು ಹೇಳಿಕೊಟ್ಟದ್ದು ಪುಸ್ತಕದಿಂದಲ್ಲ, ಆ ಒಲೆಯ ಮುಂದೆ. ಐಗುಪ್ತದಲ್ಲಿ ಜೀತಕ್ಕಿದ್ದವರನ್ನು ದೇವರು ಬಿಡಿಸಿದಾಗ ಹಿಟ್ಟು ಹುಳಿಯಾಗಿ ಉಬ್ಬುವ ತನಕ ಕಾಯುವ ಪುರಸೊತ್ತು ಯಾರಿಗಿತ್ತು? ಹಸಿ ಹಿಟ್ಟನ್ನೇ ಹೆಗಲಿಗೇರಿಸಿ ನಡೆದರು. ಅದನ್ನು ನೆನೆದು ಉಣ್ಣುವ ಊಟದಲ್ಲೇ ಯೇಸು ರೊಟ್ಟಿ ಮುರಿದು, ಇನ್ನು ಮೇಲೆ ನನ್ನನ್ನು ನೆನೆಯಿರಿ ಎಂದ. ಇಷ್ಟು ಹೇಳಿ ರೊಟ್ಟಿ ತಿರುವಿ ಹಾಕುತ್ತಾ, "ನಾವೂ ಹಾಗೇ ಹೊರಟವರೇ ಅಲ್ವಾ," ಎನ್ನುತ್ತಿದ್ದಳು.

ಅಡುಗೆಮನೆಯ ಹೊಸ್ತಿಲಲ್ಲಿ ವಾಚು ಹಿಡಿದು ಹೊತ್ತು ನೋಡುವುದು ಗಡಿಯಾರದಣ್ಣನ ಕೆಲಸ. "ಹತ್ತಾಯ್ತು," "ಹನ್ನೆರಡಾಯ್ತು" ಎನ್ನುವುದರಾಚೆಗೆ ಅವನು ತುಟಿ ಬಿಚ್ಚುತ್ತಿರಲಿಲ್ಲ. ಬೆಂದ ರೊಟ್ಟಿಗಳನ್ನು ಅವಳು ನೀಲಿ ರಗ್ಗಿನ ಒಂದು ತುಂಡಿನಲ್ಲಿ ಸುತ್ತುತ್ತಿದ್ದಳು. ಅವನು ಮುಖ ತಿರುಗಿಸುತ್ತಿದ್ದ.

ಚರ್ಚಿನಲ್ಲಿ ಅವನದು ಬಾಗಿಲಲ್ಲಿ ನಿಂತು ಬಂದವರನ್ನು ಕೂರಿಸುವ ಸೇವೆ. ಪಾಸ್ಟರ್ ರೊಟ್ಟಿಯ ಮೇಲಿನ ಬಟ್ಟೆ ಸರಿಸುವ ಹೊತ್ತಿಗೆ ಸರಿಯಾಗಿ, ಗೋಪುರದ ಗಡಿಯಾರಕ್ಕೆ ಕೀ ಕೊಡಬೇಕೆಂದು ಮೆಟ್ಟಿಲು ಹತ್ತಿಬಿಡುತ್ತಿದ್ದ. ಎಷ್ಟು ಶ್ರದ್ಧೆ ನೋಡಿ ಎಂದು ಜನ ಅಂದುಕೊಂಡರು. ಯಾವ ಹೊತ್ತಿನಲ್ಲಿ ಕೀ ಕೊಟ್ಟರೂ ಆ ಗಡಿಯಾರ ಎಂಟು ದಿನ ಓಡುತ್ತದೆಂಬುದು ಅವನೊಬ್ಬನಿಗೇ ಗೊತ್ತಿತ್ತು.

*

ಎರಡು ಗಂಟೆಗೆ ಪೆಟ್ಟಿಗೆಯನ್ನು ಚರ್ಚಿಗೆ ಒಯ್ದರು. ಜನ ಅದರ ಹಿಂದೆ ಹೋದರು. ಮನೆಯಲ್ಲಿ ಉಳಿದವರು ಅಪ್ಪ, ಮಗಳು ಇಬ್ಬರೇ.

ಮಗಳು ಅಮ್ಮನ ಚಪ್ಪಲಿ ಮೆಟ್ಟಿಕೊಂಡಳು. ಅವು ಅವಳಿಗೆ ಒಂದು ಬೆರಳು ಚಿಕ್ಕವು. ಹಿಟ್ಟಿಗೆ ನೀರು ಹಾಕಿ, "ಅಪ್ಪ, ಟೈಮ್," ಎಂದಳು.

ಅವನು ಹೊಸ್ತಿಲಲ್ಲಿ ನಿಂತು ವಾಚು ನೋಡಿದ. ಎರಡು ಗಂಟೆ ನಾಲ್ಕು ನಿಮಿಷ. ಮಗಳ ಮೊಣಕೈ ಅವಳ ಅಮ್ಮನ ಮೊಣಕೈಯ ಹಾಗೇ ಹೊರಗೆ ಚಾಚುತ್ತಿತ್ತು. ಇನ್ನು ಒಂದು ಗಂಟೆಯಲ್ಲಿ ಆ ಬೆಂಕಿಯ ಕತೆಯನ್ನು ಪಾಸ್ಟರ್ ಪೆಟ್ಟಿಗೆಯ ಮುಂದೆ ನಿಂತು ಹೇಳುತ್ತಾರೆ, ಮಗಳು ಕೇಳುತ್ತಾಳೆ. ಹೆಂಡತಿ ಹೋದ ಮೇಲೆ ನಿಜ ಗೊತ್ತಿರುವವರು ಈ ಭೂಮಿಯ ಮೇಲೆ ತಾನೊಬ್ಬನೇ.

"ಆವತ್ತು ನಿನ್ನನ್ನ ಹೊರಗೆ ತಂದಿದ್ದು ನಾನಲ್ಲ," ಎಂದ.

ಮಗಳ ಕೈ ನಿಲ್ಲಲಿಲ್ಲ.

*

ಅವರಿದ್ದದ್ದು ಬಣ್ಣದ ಗೋದಾಮಿನ ಹಿಂದಿನ ಸಾಲುಮನೆಯಲ್ಲಿ. ಬೆಳಗಿನ ಆರು ಗಂಟೆ. ಗೋದಾಮಿಗೆ ಬೆಂಕಿ ಬಿದ್ದು, ಎಚ್ಚರವಾಗುವಷ್ಟರಲ್ಲಿ ಕೋಣೆಯ ತುಂಬ ಕಪ್ಪು ಹೊಗೆ. ಅವನು ಮಂಚದ ಮೇಲೆ ಕೈಯಾಡಿಸಿ, ನೀಲಿ ರಗ್ಗಿನ ಸುರುಳಿಯನ್ನು ಎದೆಗವಚಿಕೊಂಡು ಓಡಿದ. ರಸ್ತೆಯ ಆಚೆ ಬದಿಯಲ್ಲಿ ನಿಂತು ಬಿಚ್ಚಿದರೆ ರಗ್ಗು, ರಗ್ಗಿನೊಳಗೆ ಇನ್ನೊಂದು ಮಡಿಕೆ ರಗ್ಗು. ಮಗು ಇಲ್ಲ.

ಹಟ ಮಾಡುತ್ತಿದ್ದ ಮಗುವನ್ನು ಹೆಂಡತಿ ಆಗಲೇ ಅಡುಗೆಮನೆಗೆ ಎತ್ತಿಕೊಂಡು ಹೋಗಿ, ಕಾಲ ಬಳಿ ಕೂರಿಸಿಕೊಂಡು ಹಿಟ್ಟು ಕಲಸುತ್ತಿದ್ದಳು. ಅದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದು ತಪ್ಪಲ್ಲ. ಮನೆ ಎದುರಿಗೇ ಇತ್ತು, ಬಾಗಿಲು ತೆರೆದಿತ್ತು, ಅವನು ಮಾತ್ರ ಹೋಗಲಿಲ್ಲ.

ಹಿತ್ತಲ ಕಡೆಯಿಂದ ಅವಳು ಸುತ್ತಿ ಬಂದಳು. ಸೊಂಟದಲ್ಲಿ ಮಗು, ಇನ್ನೊಂದು ಕೈಯಲ್ಲಿ ಬಟ್ಟೆಯಲ್ಲಿ ಕಟ್ಟಿದ ಹಿಟ್ಟಿನ ಮುದ್ದೆ. ಬಿಚ್ಚಿದ ರಗ್ಗು ಹಿಡಿದು ನಿಂತ ಗಂಡನನ್ನು ನೋಡಿದಳು. ಸುರುಳಿ ಹೊತ್ತು ಅವನು ಓಡಿದ್ದನ್ನು ಕಂಡಿದ್ದ ನೆರೆಯವರು ಉಳಿದದ್ದನ್ನು ತಾವೇ ಜೋಡಿಸಿದರು. ಮುಂದಿನ ಭಾನುವಾರ ಚರ್ಚಿನಲ್ಲಿ ಅದೇ ದೇವರು ಕಾಪಾಡಿದ್ದಕ್ಕೆ ಸಾಕ್ಷಿಯಾಯಿತು. ಅವನು ಹೆಂಡತಿಯ ಮುಖ ನೋಡಿದ. ಅವಳು ನೆಲ ನೋಡುತ್ತಿದ್ದಳು. ಬಾಯಿ ಬಿಡಬೇಕಾದ ಹೊತ್ತು ಹಾಗೆ ದಾಟಿಹೋಯಿತು.

*

"ನಾಲ್ಕು ನಿಮಿಷ ನಿಂತೆ," ಎಂದ ಗಡಿಯಾರದಣ್ಣ. "ಕೈಯಲ್ಲಿ ವಾಚಿತ್ತು. ಒಳಗೆ ನೀವಿಬ್ಬರೂ ಇದ್ರಿ. ನಾನು ವಾಚ್ ನೋಡ್ತಾ ನಿಂತಿದ್ದೆ."

"ಗೊತ್ತು. ಅಮ್ಮ ಹೇಳಿದ್ಲು."

ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ. ಯಾವಾಗ ಎಂದು ಕೇಳಿದ. ತನಗೆ ಹದಿನಾರು ವರ್ಷವಿದ್ದಾಗ ಎಂದಳು ಮಗಳು.

"ಮತ್ತೆ ಆ ರಗ್ಗಿನ ತುಂಡು? ತಿಂಗಳು ತಿಂಗಳೂ ನನ್ನ ಕಣ್ಣೆದುರೇ ಅದನ್ನ ಸುತ್ತುತ್ತಿದ್ದದ್ದು ನನ್ನನ್ನ ಚುಚ್ಚೋಕಲ್ವಾ?"

"ನಾನೂ ಕೇಳಿದ್ದೆ, ಯಾಕಮ್ಮ ಈ ಹರಕಲು ಇಟ್ಕೊಂಡಿದ್ದೀಯ ಅಂತ." ಮಗಳು ಹಿಟ್ಟಿನ ಕೈಯಲ್ಲೇ ಹಣೆಯ ಕೂದಲು ಸರಿಸಿಕೊಂಡಳು. "ನಿಮ್ಮಪ್ಪ ಹೊಗೆಯಲ್ಲಿ ಬೇರೆ ಏನನ್ನೂ ಹುಡುಕ್ಲಿಲ್ಲ, ನಿನ್ನನ್ನೇ ಎತ್ಕೊಂಡು ಓಡಿದ್ರು. ನೀನು ಅದರೊಳಗೆ ಇರ್ಲಿಲ್ಲ, ಅಷ್ಟೆ ಅಂದ್ಲು."

"ನನಗೆ ಯಾಕೆ ಹೇಳ್ಲಿಲ್ಲ ಅವಳು?"

"ಅವರಾಗಿ ಬಾಯಿ ಬಿಟ್ರೆ ಹೇಳ್ತೀನಿ ಅಂತಿದ್ಲು. ನೀವು ಗೋಪುರ ಹತ್ತಿಬಿಡ್ತಿದ್ರಿ."

ಒಲೆಯ ಮೇಲೆ ಕಾವಲಿ ಕಾದು ಹೊಗೆಯಾಡುತ್ತಿತ್ತು. ಮಗಳು ಎಷ್ಟಾಯ್ತು ಎಂದು ಕೇಳಿದಾಗಲೇ ಅವನಿಗೆ ಕೈಯ ವಾಚಿನ ನೆನಪಾದದ್ದು. ಎರಡು ಗಂಟೆ ಇಪ್ಪತ್ತೊಂದು. ಹದಿನೇಳು ನಿಮಿಷ. ಆ ಮನೆಯಲ್ಲಿ ಅವನು ಹೊತ್ತು ಮೀರಿಸಿದ್ದು ಅದೇ ಮೊದಲು.

ಯಾರಿಗೆ ಗೊತ್ತಾಗುತ್ತೆ ಬಿಡಿ ಎಂದು ಇಬ್ಬರೂ ಅನ್ನಲಿಲ್ಲ. ಮಗಳು ಹಿಟ್ಟನ್ನು ಕಿಟಕಿಯಾಚೆ ಹಕ್ಕಿಗಳಿಗೆ ಇಟ್ಟಳು. ಪಾತ್ರೆ ತೊಳೆದು ಹೊಸ ಹಿಟ್ಟು ಸುರಿದಳು. ಗಡಿಯಾರದಣ್ಣ ವಾಚು ಬಿಚ್ಚಿ ಅವಳ ಕೈಗೆ ಕೊಟ್ಟು, ಹೊರಗೆ ಹೋಗಿ ಚಪ್ಪಲಿ ಮೆಟ್ಟಿ ಬಂದು, ತೋಳು ಮಡಚಿದ. ಸಣ್ಣ ಸ್ಕ್ರೂಗಳಿಗೆ ಒಗ್ಗಿದ ಬೆರಳು ಹಿಟ್ಟಿಗೆ ಒಗ್ಗಲಿಲ್ಲ. ಮಗಳು ಹತ್ತಾಯ್ತು ಎಂದಳು, ಹನ್ನೆರಡಾಯ್ತು ಎಂದಳು. ಹದಿನಾಲ್ಕಕ್ಕೆ ರೊಟ್ಟಿ ಕಾವಲಿಯ ಮೇಲಿತ್ತು. ಅದು ಚೌಕವೂ ಅಲ್ಲ, ದುಂಡೂ ಅಲ್ಲ. ಇದಕ್ಕೆ ಸುತ್ತಳತೆ ಕೇಳಬೇಡಿ ಎಂದಳು ಲೆಕ್ಕದ ಟೀಚರ್. ಅವಳ ಕಣ್ಣು ತುಂಬಿತ್ತು. ಅವನ ಕಣ್ಣು ಇನ್ನೂ ಒಣಗಿಯೇ ಇತ್ತು.

ನೀಲಿ ರಗ್ಗಿನ ತುಂಡಿನಲ್ಲಿ ಸುತ್ತಿ ಅವಳು ಅದನ್ನು ಅಪ್ಪನ ತೋಳಿಗಿಟ್ಟಳು.

ಚರ್ಚಿನ ಬಾಗಿಲಲ್ಲಿ ಅವನ ಜಾಗ ಖಾಲಿಯಿತ್ತು. ಗೋಪುರದ ಮೆಟ್ಟಿಲು ಎಡಕ್ಕಿತ್ತು. ಅವನು ಎರಡನ್ನೂ ದಾಟಿ, ಬೆಂಚುಗಳ ನಡುವೆ, ಹೆಂಡತಿಯ ಪೆಟ್ಟಿಗೆಯ ಪಕ್ಕದಿಂದ ಮೇಜಿನ ತನಕ ನಡೆದ. ಗಂಟನ್ನು ಎದೆಗೆ ಒತ್ತಿ ಹಿಡಿದಿದ್ದ. ಪಾಸ್ಟರ್ ಎರಡೂ ಕೈ ಚಾಚಿದರು.

ಅವನು ತಕ್ಷಣ ಕೊಡಲಿಲ್ಲ. ಎಲ್ಲರೂ ನೋಡುತ್ತಿದ್ದಂತೆ ಬಟ್ಟೆಯ ಒಂದು ಮೂಲೆ ಬಿಚ್ಚಿ ಒಳಗೆ ನೋಡಿದ. ಇತ್ತು. ಇನ್ನೂ ಬೆಚ್ಚಗಿತ್ತು.