ಸೆರಗಿನ ಗಂಟಿನಲ್ಲಿ ಫ್ಯೂಸು

ನರಸಮ್ಮನ ಮಾವ ಕೋದಂಡಪ್ಪನಿಗೆ ಒಂದು ಕಾಯಿಲೆ ಇತ್ತು. ಸುಮ್ಮನೆ ಕೂರೋದಕ್ಕೆ ಬರುತ್ತಿರಲಿಲ್ಲ. ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯೊಳಗೆ ಕರೆಂಟಿನ ಕೆಲಸ ಮಾಡಿ ರಿಟೈರಾದ ಮನುಷ್ಯ, ಮನೇಲಿ ಕಾಲು ಚಾಚಿ ಎಲೆಯಡಿಕೆ ಮೆಲ್ಲುತ್ತಾ ಕೂತಿದ್ದರೆ ಯಾರು ಬೇಡ ಅಂತಿದ್ದರು? ಊಹೂಂ. ದಿನಾ ಬೆಳಿಗ್ಗೆ ಚಾಂಪಿಯನ್ ಸ್ಟೇಷನ್ನಿನಲ್ಲಿ ಗಾಡಿ ಹತ್ತಿ ಬಂಗಾರಪೇಟೆಗೆ ಬಂದು, ಸೊಸೆ ಅಂಗಡಿ ಬಾಗಿಲು ತೆಗೆಯೋ ಹೊತ್ತಿಗೆ ಹೆಗಲ ಮೇಲೆ ಟವಲ್ ಹಾಕಿಕೊಂಡು ನಿಂತಿರೋನು.

ತೊಂಬತ್ತೇಳನೇ ಇಸವಿಯ ಮಾತು. ನರಸಮ್ಮ ಸ್ಟೇಷನ್ ರಸ್ತೆಯಲ್ಲಿ ಒಂದು ಕಂಪ್ಯೂಟರ್ ಇಟ್ಟುಕೊಂಡು ಲಗ್ನಪತ್ರಿಕೆ, ಅರ್ಜಿ, ಕರಪತ್ರ ಟೈಪ್ ಮಾಡಿಕೊಡುತ್ತಿದ್ದಳು. ಬೆಂಗಳೂರಿನಿಂದ ತಂದ ಸೆಕೆಂಡ್ ಹ್ಯಾಂಡ್ ಮಾಲು. ಅದರ ಸೇವೆಯೆಲ್ಲ ಮಾವನದೇ. ಧೂಳು ಒರೆಸೋದು, ವೈರು ಸುತ್ತೋದು, ಬಂದ ಗಿರಾಕಿಗೆ "ಮುಟ್ಟಬ್ಯಾಡ್ರಿ, ದೂರ ನಿಂತ್ಕಳ್ರಿ" ಅಂತ ಗದರೋದು. ಅಂಗಡಿಗೆ ಅಂತ ಒಂದು ಕಾನೂನನ್ನೂ ಮಾಡಿದ್ದ. ಕಂಪ್ಯೂಟರಿನ ಡಬ್ಬದ ಮುಚ್ಚಳ ತೆಗೆಯಬೇಕಾದರೆ ಮೊದಲು ಗೋಡೆಯ ಬೋರ್ಡಿನಿಂದ ಪಿಂಗಾಣಿ ಫ್ಯೂಸು ಕೀಳಬೇಕು, ಕಿತ್ತ ಫ್ಯೂಸು ಕೆಲಸ ಮಾಡೋರ ಜೇಬಿನಲ್ಲೇ ಇರಬೇಕು. "ಸ್ವಿಚ್ಚು ಯಾವನ್ ಬೇಕಾದ್ರೂ ಆಕ್ತಾನೆ ಅಮ್ಮಣ್ಣಿ. ಫ್ಯೂಸು ನಿನ್ ಜೇಬ್ನಾಗಿದ್ರೆ ನಿನ್ ಪ್ರಾಣ ನಿನ್ ಜೇಬ್ನಾಗೈತೆ ಅಂತ ಲೆಕ್ಕ." ಗಣಿಯಲ್ಲಿ ಕಲಿತದ್ದು, ಸಾಯೋವರೆಗೂ ಬಿಡುವ ಪೈಕಿ ಅಲ್ಲ.

ನರಸಮ್ಮನಿಗೆ ಹೆತ್ತ ಅಪ್ಪನ ಮುಖ ನೆನಪಿಲ್ಲ. ಅಪ್ಪ ಅಂದರೆ ಅವಳಿಗೆ ಈ ಮುದುಕನೇ. ಅವನ ಬೈಗುಳ ಕೇಳದೆ ಅವಳಿಗೆ ಬೆಳಗಿನ ಕಾಫಿ ಇಳಿಯುತ್ತಿರಲಿಲ್ಲ.

ಹೀಗಿರುವಾಗ ಆಯುಧಪೂಜೆ ಬಂತು. ನರಸಮ್ಮ ಹೂವು ತರೋದಕ್ಕೆ ಹೋಗಿದ್ದಳು. ಕೋದಂಡಪ್ಪ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡು, ಮುಚ್ಚಳ ತೆಗೆದು, ಒಳಗಿನ ಒಂದೊಂದನ್ನೂ ಒರೆಸಿದ. ಬಾಚಣಿಗೆಯಷ್ಟು ಉದ್ದದ ಒಂದು ಹಸಿರು ಪಟ್ಟಿ ಕೈಗೆ ಬಂತು. ಕಂಪ್ಯೂಟರಿನ ನೆನಪೆಲ್ಲ ಇರೋದು ಅದರಲ್ಲೇ, ರ‍್ಯಾಮ್ ಅಂತಾರೆ. ಅದರ ಅಂಚಿನಲ್ಲಿ ಸಾಲಾಗಿ ಹಳದಿ ಹಲ್ಲುಗಳು ಮಿರಮಿರ ಹೊಳೆಯುತ್ತಿದ್ದವು. ಅದು ಚಿನ್ನದ ಲೇಪ ಅಂತ ಸೊಸೆಯೇ ಒಮ್ಮೆ ಹೇಳಿದ್ದಳು. ಜೀವಮಾನವೆಲ್ಲ ಚಿನ್ನದ ಗಣಿಯಲ್ಲಿ ದುಡಿದ ಮನುಷ್ಯ, ಆಯುಧಪೂಜೆಯ ದಿನ, ಅಂಗೈಯಲ್ಲಿ ಚಿನ್ನ! ಲಕ್ಷ್ಮಿಗೆ ಬೊಟ್ಟಿಡದೆ ಬಿಡುತ್ತಾನಾ? ಅರಿಶಿನ ಕಲಸಿ, ಕುಂಕುಮ ಕಲಸಿ, ಹಲ್ಲುಗಳ ಉದ್ದಕ್ಕೂ ಭಕ್ತಿಯಿಂದ ಹಚ್ಚಿ, ಕಣ್ಣಿಗೆ ಒತ್ತಿಕೊಂಡು, ಮತ್ತೆ ಅದರ ಜಾಗದಲ್ಲಿ ಸಿಕ್ಕಿಸಿದ. ಫ್ಯೂಸನ್ನೂ ವಾಪಸ್ ಹಾಕಿದ.

ಮಾರನೇ ದಿನ ಸ್ವಿಚ್ ಹಾಕಿದರೆ ಕಂಪ್ಯೂಟರು ಕುಂಯ್, ಕುಂಯ್, ಕುಂಯ್ ಅಂತ ನಾಯಿಮರಿ ಹಾಗೆ ಅಳೋದಕ್ಕೆ ಶುರುಮಾಡಿತು. ಪರದೆ ಕಪ್ಪು.

ರಿಪೇರಿಯ ಹುಡುಗ ಬೆಂಗಳೂರಿನಿಂದ ಬಂದು ಮುಚ್ಚಳ ತೆಗೆದವನೇ, "ಯಾರ್ರೀ ಇದು! ಇದೇನು ಮಾರಮ್ಮನ ಗುಡಿಯಾ, ಅರಿಶಿನ ಕುಂಕುಮ ಹಚ್ಚೋಕೆ?" ಅಂತ ಬಿದ್ದು ಬಿದ್ದು ನಕ್ಕ. ಲಗ್ನಪತ್ರಿಕೆಗೆ ಬಂದಿದ್ದವರೂ ನಕ್ಕರು. ಹುಡುಗ ಕೆಟ್ಟವನಲ್ಲ. ಪಟ್ಟಿ ಸಿಕ್ಕಿಸುವ ಗೂಡನ್ನು ಚೊಕ್ಕಟ ಮಾಡಿದ. ಹಳೇ ಪಟ್ಟಿ ಸತ್ತಿದೆ, ಹೊಸದು ತರಿಸಿ ನೀವೇ ಹಾಕಿಕೊಳ್ಳಿ ಅಕ್ಕ ಅಂತ ಹಾಕುವ ರೀತಿಯನ್ನೂ ನರಸಮ್ಮನಿಗೆ ಹೇಳಿಕೊಟ್ಟು ಹೋದ. ಆದರೆ ಆ ನಗು ಇತ್ತಲ್ಲ, ಅದು ಮುದುಕನ ಎದೆಗೆ ನಾಟಿಬಿಟ್ಟಿತ್ತು. ಟವಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದವನು ಯಾರಿಗೂ ಒಂದು ಮಾತು ಹೇಳದೆ ಗಾಡಿ ಹತ್ತಿದ.

ಆಮೇಲೆ ಬರಲೇ ಇಲ್ಲ.

ನರಸಮ್ಮನ ಗಂಡ ವೆಂಕಟೇಶಪ್ಪ ಹೊಸ ಪಟ್ಟಿ ತಂದುಕೊಟ್ಟ. ಮನೆಗೆ ಹೋಗಿ ಅಪ್ಪನನ್ನು ಕರೆದೂ ನೋಡಿದ. "ಅಪ್ಪ ಬರಲ್ಲ ಕಣೆ. ಈ ಕೈ ಬಂಡೆ ಕೆಲಸದ್ದು, ನಾಜೂಕು ಸಾಮಾನಿಗಲ್ಲ, ನನ್ನಿಂದ ಅಂಗಡಿಗೆ ಕೆಟ್ಟದಾಯ್ತು ಅಂತಾನೆ. ನೀನೇ ಹಾಕು, ಎಷ್ಟು ಹೊತ್ತಿನ ಕೆಲಸ ಅದು?"

ಹಾಕಬಹುದಿತ್ತು. ಆದರೆ ಅವನು ನಿಲ್ಲುತ್ತಿದ್ದ ಜಾಗ ಖಾಲಿ. ಕಂಪ್ಯೂಟರು ಸರಿಹೋಗಿ ಮಾವ ಬರದಿದ್ದರೆ ಆ ಅಂಗಡಿಯನ್ನು ಏನು ಮಾಡೋದು? ಅವಳು ಡಬ್ಬವನ್ನು ಹಳೇ ಸೀರೆಯಲ್ಲಿ ಸುತ್ತಿ, ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು, ಮಾರಿಕುಪ್ಪಂ ಗಾಡಿ ಹತ್ತಿ ಚಾಂಪಿಯನ್‌ನಲ್ಲಿ ಇಳಿದಳು.

ಗಣಿಯವರ ಸಾಲುಮನೆಗಳ ಲೈನಿನಲ್ಲಿದ್ದ ಆ ಪುಟ್ಟ ಮನೆಯಲ್ಲಿ ಅತ್ತೆ ಪಾಪಕ್ಕ ಅಕ್ಕಿ ಆರಿಸುತ್ತಿದ್ದಳು. "ಬಾರಮ್ಮ ತಾಯಿ, ಬಾ. ನಿಮ್ ಮಾವ ಕಂಬದಂಗೆ ಕುಂತವ್ನೆ. ನಂಗೂ ಬೈದೂ ಬೈದೂ ಸಾಕಾಯ್ತು" ಅಂದಳು.

ಕೋದಂಡಪ್ಪ ಬನಿಯನ್ನು, ಲುಂಗಿಯಲ್ಲಿ ಗೋಡೆಗೊರಗಿ ಕೂತಿದ್ದ. ಡಬ್ಬ ನೋಡಿ ಮುಖ ತಿರುಗಿಸಿದ.

"ಮಾವ, ಪಟ್ಟಿ ತಂದಿದೀನಿ. ಹಾಕ್ಕೊಡಿ."

"ನಂಗಾಗಾಕಿಲ್ಲ. ನೀನೇ ಆಕ್ಕೋ."

"ಆಯ್ತು, ನಾನೇ ಹಾಕ್ತೀನಿ. ನೀವು ಸುಮ್ನೆ ನೋಡ್ತಿರಿ."

ಅವಳು ನೆಲದ ಮೇಲೆ ಡಬ್ಬ ಇಟ್ಟು ಮುಚ್ಚಳ ತೆಗೆದಳು. ದಾರಿಯಲ್ಲಿ ಅಲ್ಲಾಡಿ ಇನ್ನೇನಾದರೂ ಕೆಟ್ಟಿದೆಯೋ ನೋಡೋಣ ಅಂತ ವೈರು ಸಿಕ್ಕಿಸಿ ಸ್ವಿಚ್ ಹಾಕಿದಳು. ಒಳಗಿನ ಫ್ಯಾನು ತಿರುಗಿತು, ಕುಂಯ್ ಕುಂಯ್ ಶುರುವಾಯಿತು. ಅವಳ ಕಣ್ಣು ಮಾತ್ರ ಮಾವನ ಮುಖದ ಮೇಲೇ. ಆ ಮುಖ ಎಷ್ಟು ಇಳಿದುಹೋಗಿದೆ ಅಂತ ನೋಡುತ್ತಾ, ಹೊಸ ಪಟ್ಟಿ ಹಿಡಿದ ಕೈಯನ್ನು ಹಾಗೇ ಒಳಗೆ ಇಳಿಸಿದಳು.

"ಅಮ್ಮಣ್ಣೀ! ಕೈ ತೆಗಿ!"

ಲೈನಿಗೆ ಲೈನೇ ಕೇಳಿಸುವಂಥ ಕೂಗು. ಪಾಪಕ್ಕನ ಕೈಯಿಂದ ಮೊರ ಜಾರಿತು. ಕೋದಂಡಪ್ಪ ಒಂದೇ ನೆಗೆತಕ್ಕೆ ಎದ್ದು ಸ್ವಿಚ್ ಆರಿಸಿ, ವೈರು ಕಿತ್ತು, ಅಲ್ಲಿಗೂ ಸಾಲದೆ ಬಾಗಿಲ ಪಕ್ಕದ ಬೋರ್ಡಿನಿಂದ ಫ್ಯೂಸನ್ನೂ ಕಿತ್ತುಕೊಂಡು ಬಂದ.

"ಫ್ಯೂಸು ಯಾರ್ ಜೇಬ್ನಾಗೈತೆ? ಮಾತಾಡು! ಇಷ್ಟ್ ದಿನ ಬಾಯಿ ಬಡ್ಕೊಂಡಿದ್ದು ಗೋಡೆಗಾ? ಏನಾರ ಆಗಿದ್ರೆ ನನ್ ಮಗನಿಗೆ ಏನ್ ಏಳ್ಲಿ? ನಾನ್ ಎಂಗ್ ಬದುಕ್ಲಿ?" ಬೈಯುತ್ತಾ ಬೈಯುತ್ತಾ ಅವನ ದನಿ ಒಡೆಯಿತು.

ನರಸಮ್ಮ ಕೈ ಹಿಂದಕ್ಕೆ ಎಳೆದುಕೊಂಡಳು. ನಿಜವಾಗಿಯೂ ಮರೆತಿದ್ದಳು. ಆದರೂ ಆ ಬೈಗುಳ ಕಿವಿಗೆ ಬಿದ್ದಿದ್ದೇ ತಡ, ಕಣ್ಣಲ್ಲಿ ನೀರು, ತುಟಿಯಲ್ಲಿ ನಗು ಎರಡೂ ಒಟ್ಟಿಗೇ ಬಂದವು. "ನೀವಿಲ್ದಿದ್ರೆ ನಂಗೆ ಹೀಗೇ ಆಗೋದು ಮಾವ" ಅಂದಳು.

ಮುದುಕ ಉಸ್ಸಂತ ಡಬ್ಬದ ಮುಂದೆ ಕೂತ. ಫ್ಯೂಸನ್ನು ಜೇಬಿಗೆ ಹಾಕೋಣ ಅಂತ ಎದೆ ಮುಟ್ಟಿಕೊಂಡ. ಬನಿಯನ್ನಿಗೆಲ್ಲಿ ಜೇಬು?

"ಕೆಳಗೆ ಗಣೀನಾಗೆ ಸೆಕೆ ಅಂದ್ರೆ ಸೆಕೆ, ಅಂಗಿ ಬಿಚ್ಚಾಕಿ ಕೆಲಸ ಮಾಡ್ತಿದ್ವಿ" ಅಂದ ಮೆಲ್ಲಗೆ. "ಆವಾಗ ನನ್ ಫ್ಯೂಸು ಆರುಮುಗಂ ಕೈಗೆ ಕೊಡ್ತಿದ್ದೆ. ನನ್ ಜತೆಗಾರ. ಅವನು ತೀರ್ಕಂಡ್ ಮ್ಯಾಲೆ ಇನ್ಯಾರಿಗೂ ಕೊಟ್ಟಿಲ್ಲ." ಒಂದು ಗಳಿಗೆ ಆ ಪಿಂಗಾಣಿಯನ್ನು ಅಂಗೈಯಲ್ಲಿ ತೂಗಿದ. ಆಮೇಲೆ ಸೊಸೆಯ ಕಡೆ ಚಾಚಿದ. "ತಗೋ. ನೀನಿಟ್ಕೋ. ನಾನು ಕೈ ಆಕ್ತೀನಿ."

ನರಸಮ್ಮ ಎರಡೂ ಕೈ ಚಾಚಿ ತಗೊಂಡಳು. ಫ್ಯೂಸನ್ನು ಸೆರಗಿನ ತುದಿಯಲ್ಲಿಟ್ಟು ಬಿಗಿಯಾಗಿ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿದಳು.

"ಆ ನೈಲಾನ್ ಸೀರೆ ಒಸಿ ದೂರ ಇಟ್ಕೋ, ಚಟಪಟ ಅಂತದೆ. ಈಗ ಆ ಉಡುಗ ಏನಂದ?"

"ಮೊದಲು ಡಬ್ಬದ ಬರೀ ಕಬ್ಬಿಣ ಮುಟ್ಟಬೇಕಂತೆ, ಮೈಮೇಲಿನ ಕರೆಂಟು ಇಳಿಯೋ ಹಾಗೆ. ಪಟ್ಟೀನ ಎರಡು ತುದೀಲಿ ಹಿಡೀಬೇಕು. ಚಿನ್ನ ಮುಟ್ಟಬಾರದು."

"ಚಿನ್ನ ಮುಟ್ಟಬಾರ್ದು ಅಂತ ನಂಗೆ ಏಳ್ಕೊಡ್ತೀಯಾ? ಗಣಿ ಗೇಟ್ನಾಗೆ ದಿನಾ ಬಾಯೊಳ್ಗೂ ನೋಡಿ ಕಳಿಸ್ತಿದ್ರು" ಅಂತ ಮೊದಲ ಸಲ ನಕ್ಕ.

ಎರಡೂ ಕೈಯಿಂದ ಕಬ್ಬಿಣ ಮುಟ್ಟಿದ. ಪಟ್ಟಿಯ ಒಂದು ಮೂಲೆಯಲ್ಲಿದ್ದ ಕಚ್ಚು ಯಾವ ಕಡೆ ಬರಬೇಕು ಅಂತ ನೋಡಿಕೊಂಡ. ಗೂಡಿನೊಳಗೆ ಓರೆಯಾಗಿ ಇಳಿಸಿ, ಮಲಗಿದ ಮಗುವನ್ನು ಎತ್ತಿ ಕೂರಿಸಿದ ಹಾಗೆ ನೆಟ್ಟಗೆ ನಿಲ್ಲಿಸಿದ. ಎರಡೂ ಪಕ್ಕದ ಕೊಂಡಿ ಟಕ್ ಅಂತ ಕಚ್ಚಿಕೊಂಡವು. ಬಲ ಹಾಕಲಿಲ್ಲ, ಅವಸರ ಮಾಡಲಿಲ್ಲ. ಈ ಕೈ ನಾಜೂಕಲ್ಲ ಅಂದವರ ಬಾಯಿಗೆ ಮಣ್ಣು ಹಾಕ!

ನರಸಮ್ಮ ಗಂಟು ಬಿಚ್ಚಿ ಫ್ಯೂಸು ಕೊಟ್ಟಳು. ಅವನು ಅದನ್ನು ಬೋರ್ಡಿಗೆ ಹಾಕಿ, ವೈರು ಸಿಕ್ಕಿಸಿ, ಸ್ವಿಚ್ ಒತ್ತಿದ. ಪರದೆ ಅಂಗಡಿಯಲ್ಲೇ ಇತ್ತು. ಕಿವಿಯೇ ಗತಿ. ಮೂವರೂ ಡಬ್ಬದ ಕಡೆ ಬಗ್ಗಿದರು.

ಕುಂಯ್. ಒಂದೇ ಸಲ. ಆಮೇಲೆ ಸದ್ದಿಲ್ಲ.

"ಸತ್ತೋಯ್ತಾ?" ಅಂದಳು ಪಾಪಕ್ಕ.

"ಇಲ್ಲ ಅತ್ತೆ, ಒಂದೇ ಸಲ ಕೂಗಿದ್ರೆ ಸರಿಹೋಯ್ತು ಅಂತ ಲೆಕ್ಕ" ಅಂತ ನರಸಮ್ಮ ಅತ್ತೆಯನ್ನು ಅಪ್ಪಿಕೊಂಡಳು.

ಮುಚ್ಚಳ ಹಾಕೋದೂ ಕೆಲಸವೇ ಅಂತ ಕೋದಂಡಪ್ಪ ಮತ್ತೆ ಫ್ಯೂಸು ಕಿತ್ತು ಅವಳ ಕೈಗೆ ಕೊಟ್ಟ, ಅವಳು ಮತ್ತೆ ಗಂಟು ಹಾಕಿದಳು. ಕೊನೇ ತಿರುಪು ಬಿಗಿಯೋ ಹೊತ್ತಿಗೆ ದೂರದಲ್ಲಿ ಗಾಡಿ ಕೂಗಿತು.

"ನಾಳೆಯಿಂದ ಬರ್ತೀರಲ್ಲ ಮಾವ?"

ಮುದುಕ ತಲೆಯಾಡಿಸಿದ. "ಬ್ಯಾಡಮ್ಮ. ಇದಾಯ್ತಲ್ಲ, ಸಾಕು. ನಾನ್ ಬಂದ್ರೆ ಗಿರಾಕಿಗಳು ಆಡ್ಕೊಂಡ್ ನಗ್ತಾರೆ. ಓಡು, ಗಾಡಿ ತಪ್ತದೆ."

ಗೆದ್ದೆ ಅಂದುಕೊಂಡಿದ್ದವಳ ಜೀವ ಅಲ್ಲೇ ಕುಸಿಯಿತು. ಡಬ್ಬ ತಬ್ಬಿಕೊಂಡು ಓಡಿ ಗಾಡಿ ಹತ್ತಿದಳು. ಊರಗಾಂ ಸ್ಟೇಷನ್ ದಾಟಿದ ಮೇಲೆ ಕಣ್ಣೊರೆಸಿಕೊಳ್ಳೋಣ ಅಂತ ಸೆರಗು ಎಳೆದರೆ ಕೆನ್ನೆಗೆ ಗಟ್ಟಿಯಾದದ್ದು ತಾಕಿತು. ಫ್ಯೂಸು! ಅಯ್ಯೋ ಶಿವನೇ, ಮನೆಗೆ ಮನೆಯೇ ಕತ್ತಲಲ್ಲಿರುತ್ತದಲ್ಲ! ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಯಾರ ಕೈಲಾದರೂ ಕಳಿಸೋಣ ಅಂತ ಎದ್ದು ನಿಂತಳು. ನಿಂತವಳು ಏನನ್ನೋ ಯೋಚಿಸಿ ಮತ್ತೆ ಕೂತಳು. ಗಂಟನ್ನು ಇನ್ನಷ್ಟು ಬಿಗಿ ಮಾಡಿದಳು.

ಮಾರನೇ ಬೆಳಿಗ್ಗೆ ಅವಳು ಅಂಗಡಿ ಹತ್ತಿರ ಬಂದಾಗ ಕೋದಂಡಪ್ಪ ಟವಲ್ ಹಾಕಿಕೊಂಡು ನಿಂತಿದ್ದ. ಮುಖ ಊದಿಸಿಕೊಂಡಿದ್ದ.

"ಏನಮ್ಮ ನೀನು! ನಿಮ್ಮತ್ತೆ ಬುಡ್ಡಿದೀಪ ಹಚ್ಕೊಂಡು ನನ್ನ ಏಳೇಳು ಜನ್ಮಾನೂ ಜಾಲಾಡಿಬುಟ್ಲು. ಕೊಡು ಫ್ಯೂಸು."

"ಮನೆ ಗೋಡೆಯ ಮಾಡದಲ್ಲಿ ಇನ್ನೊಂದು ಫ್ಯೂಸು ಇತ್ತಲ್ಲ ಮಾವ? ನಾನೇ ನೋಡಿದ್ದೆ. ಅದನ್ನ ಹಾಕ್ಬೋದಿತ್ತಲ್ಲ?"

ಮುದುಕ ಅವಳನ್ನು ದುರುಗುಟ್ಟಿಕೊಂಡು ನೋಡಿದ. "ನಿನ್ ಸೆರಗ್ನಾಗೆ ಫ್ಯೂಸು ಐತೆ, ನಾನ್ ಇನ್ನೊಂದ್ ಆಕಿ ಕರೆಂಟ್ ಕೊಡೋದಾ? ಅಂಗ್ ಮಾಡೋನು ಮನ್ಸನಾ? ಇಟ್ಕೊಂಡೋರು ತಿರುಗಿ ಕೊಡೋ ಗಂಟ ಕಾಯ್ಬೇಕು, ಅದೇ ಕಾನೂನು."

ನರಸಮ್ಮ ಗಂಟನ್ನು ಮುಟ್ಟಿ ನೋಡಿಕೊಂಡಳು. ಬಿಚ್ಚಲಿಲ್ಲ. "ಸಂಜೆ ಗಾಡಿಗೆ ಹೋಗೋವಾಗ ಕೊಡ್ತೀನಿ ಮಾವ. ಈಗ ಬಾಗಿಲು ತೆಗೀರಿ, ಗಿರಾಕಿಗಳು ಬರ್ತಾರೆ" ಅಂತ ಬೀಗದ ಕೈ ಅವನ ಕೈಗೆ ಕೊಟ್ಟಳು.

ಅವನು ಗೊಣಗುತ್ತಲೇ ಬೀಗ ತೆಗೆದು, ಟವಲ್ ಕೊಡವಿ, ಕಂಪ್ಯೂಟರಿನ ಧೂಳು ಒರೆಸೋದಕ್ಕೆ ಶುರುಮಾಡಿದ.