ನೆಲದ ಮೇಲೆ ಕಂಬ ಹತ್ತಿದವನು

ಕಣ್ಣಿಗೆ ಹೆಡ್‌ಸೆಟ್ ಹಾಕಿಕೊಂಡರೆ ಸಾಕು, ನೆಲದ ಮೇಲೆ ನಿಂತೇ ವಿದ್ಯುತ್ ಕಂಬ ಹತ್ತಿದ ಹಾಗಾಗಬೇಕು. ಲೈನ್‌ಮನ್‌ಗಳ ತರಬೇತಿಗೆ ಅಂಥದ್ದೊಂದು ವಿಆರ್ ಪ್ರೋಗ್ರಾಂ ಮಾಡಿದ ಡಿಸೈನರ್‌ಗೆ ಎತ್ತರವೆಂದರೆ ಭಯ. ಮನೆಯಲ್ಲಿ ಬಲ್ಬು ಬದಲಿಸುವುದೂ ಹೆಂಡತಿಯೇ. ಈತ ಸ್ಟೂಲು ಹಿಡಿದು ಕೆಳಗಿನಿಂದ ಸಲಹೆ ಕೊಡುವವ. ತಾನು ಮಾಡಿದ ಕಂಬವನ್ನೂ ಕುರ್ಚಿಯಲ್ಲಿ ಕೂತು ಕಂಪ್ಯೂಟರಿನಲ್ಲೇ ನೋಡಿ, ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದ.

ಅದನ್ನು ಪರೀಕ್ಷಿಸಲು ಅವನ ಆಫೀಸಿಗೆ ಬಂದವರು ಇಪ್ಪತ್ತೆರಡು ವರ್ಷ ಕಂಬ ಹತ್ತಿದ ಹೆಂಗಸು. ಹುದ್ದೆಯ ಹೆಸರು ಲೈನ್‌ಮನ್; ಜನ ಕರೆಯುವುದು ಲೈನಕ್ಕ. ಹೆಡ್‌ಸೆಟ್ ಹಾಕಿಕೊಂಡವರು ಎರಡೇ ನಿಮಿಷಕ್ಕೆ ತೆಗೆದರು.

"ಸಾರ್, ಸೊಂಟದ ಬೆಲ್ಟು ಕಂಬಕ್ಕೆ ಹಾಕೋದೆಲ್ಲಿ?"

"ಹಸಿರು ಬಟನ್ ಒತ್ತಿದ್ರೆ ತಾನಾಗೇ ಬಿಗಿಯುತ್ತೆ ಅಕ್ಕಾ. ಸುಲಭ ಆಗ್ಲಿ ಅಂತ."

"ತಾನಾಗೇ ಬಿಗಿದ್ರೆ ಹೊಸಬರು ಕಲಿಯೋದೇನು? ನೀವೇ ಒಂದ್ಸಲ ಹತ್ತಿ, ನೋಡೋಣ."

ಮ್ಯಾನೇಜರ್ ಸಮೇತ ಇಡೀ ತಂಡ ಸುತ್ತ ನಿಂತಿತ್ತು. ಒಲ್ಲೆ ಅನ್ನುವಂತಿರಲಿಲ್ಲ. "ನಾನೇ ಮಾಡಿದ್ದಲ್ವಾ" ಎಂದು ನಕ್ಕು ಹೆಡ್‌ಸೆಟ್ ಏರಿಸಿದ.

ಕಂಬಕ್ಕೆ ಬಡಿದ ಕಬ್ಬಿಣದ ಮೆಟ್ಟಿಲುಗಳಲ್ಲಿ ಹತ್ತನ್ನು ಹೇಗೋ ಏರಿದ. ಆಮೇಲೆ ಕೆಳಗೆ ನೋಡಿದ. ರಸ್ತೆ ದಾರದಷ್ಟು ಸಪೂರ. ಇಷ್ಟು ಚೆನ್ನಾಗಿ ಯಾಕಾದರೂ ಬಿಡಿಸಿದೆನೋ ಎಂದು ತನ್ನನ್ನೇ ಬೈದುಕೊಂಡ. ಹಸಿರು ಬಟನ್ ಎಲ್ಲಿದೆಯೆಂದು ಅದನ್ನಿಟ್ಟವನಿಗೇ ಮರೆತುಹೋಯಿತು. ಹೆಡ್‌ಸೆಟ್ ತೆಗೆದರಾಯಿತು ಎಂಬ ಬುದ್ಧಿಯೂ ಹೊಳೆಯಲಿಲ್ಲ. ಕೈ ಬಿಟ್ಟರೆ ಬೀಳುತ್ತೇನಲ್ಲ! ಕುಕ್ಕರಿಸಿ, ಸಿಕ್ಕಿದ್ದನ್ನು ಗಟ್ಟಿಯಾಗಿ ತಬ್ಬಿಕೊಂಡ. ಸಿಕ್ಕಿದ್ದು ಮ್ಯಾನೇಜರರ ಮೊಣಕಾಲು.

ಯಾರೋ ಕಿಸಕ್ಕನೆ ನಕ್ಕರು. ಮ್ಯಾನೇಜರ್ ಹೆಡ್‌ಸೆಟ್ ಕೀಳಲು ಬಗ್ಗಿದಾಗ ಲೈನಕ್ಕ ತಡೆದರು. "ಬೇಡ ಸಾರ್, ಈಗ ಕಿತ್ರೆ ಭಯ ಒಳಗೇ ಉಳಿಯುತ್ತೆ." ಅವನ ಪಕ್ಕದಲ್ಲೇ ಕೂತು ಮೆಲ್ಲಗೆ ಹೇಳಿದರು: "ಕೆಳಗೆ ನೋಡ್ಬೇಡಿ. ನಿಮ್ಮ ಕೈ ನೋಡ್ಕೊಳ್ಳಿ. ಉಸಿರು ಬಿಡಿ. ಈಗ ಒಂದೇ ಒಂದು ಮೆಟ್ಟಿಲು."

ಹಾಗೇ ಒಂದೊಂದಾಗಿ ಹತ್ತೂ ಇಳಿಸಿದರು. ಅವನ ಅಂಗಿ ಬೆವರಿ ತೊಪ್ಪೆಯಾಗಿತ್ತು. "ನಂಗೂ ಮೊದಲನೇ ದಿನ ಹೀಗೇ ಆಗಿತ್ತು," ನೀರು ಕೊಡುತ್ತಾ ಅಂದರು. "ಆದ್ರೆ ನಾನು ತಬ್ಬಿದ್ದು ಕಂಬಾನೇ."

ಮಾರನೆಯ ದಿನವೇ ಅವನು ಹಸಿರು ಬಟನ್ ತೆಗೆದುಹಾಕಿದ. ಬೆಲ್ಟನ್ನು ಕೈಯಾರೆ ಹಾಕಿ ಜಗ್ಗಿ ನೋಡಿದವರಿಗಷ್ಟೇ ಮೆಟ್ಟಿಲು ಸಿಗುವಂತೆ ಮಾಡಿದ. ನಡುವೆ ಹೆದರಿ ನಿಂತವರಿಗೆ ಲೈನಕ್ಕನ ದನಿ ಕೇಳಿಸುವಂತೆ ರೆಕಾರ್ಡ್ ಮಾಡಿ ಸೇರಿಸಿದ. ಅದನ್ನು ಪರೀಕ್ಷಿಸಲು ಅವನಷ್ಟು ಮನಸ್ಸಿಟ್ಟು ಹೆದರುವವರು ಆಫೀಸಿನಲ್ಲಿ ಬೇರೆ ಇರಲಿಲ್ಲ. ದಿನಕ್ಕೆ ಆರು ಸಲ ತಾನೇ ಏರಿದ, ನಡುಗಿದ, ಇಳಿದ.

ತಿಂಗಳ ಮೇಲೆ ಹೊಸಬರ ಮೊದಲ ತಂಡ ನಿಜವಾದ ಕಂಬದ ಬುಡದಲ್ಲಿ ನಿಂತಿತು. ಮುಂದೆ ಬಂದ ಹುಡುಗಿ, ಯಾರೂ ಹೇಳುವ ಮೊದಲೇ, ಬೆಲ್ಟನ್ನು ಎರಡು ಸಲ ಜಗ್ಗಿ ನೋಡಿ ಸರಸರ ಹತ್ತಿದಳು. ಲೈನಕ್ಕ ಅವನತ್ತ ತಿರುಗಿ ಸೈ ಎನ್ನುವಂತೆ ತಲೆಯಾಡಿಸಿದರು. ಅವನ ಎದೆ ಉಬ್ಬಿತು. ಅದೇ ಹುಮ್ಮಸ್ಸಿನಲ್ಲಿ "ನಾನೂ ಹತ್ತುತ್ತೀನಿ" ಎಂದುಬಿಟ್ಟ.

ನಾಲ್ಕು ಮೆಟ್ಟಿಲು ಹತ್ತಿದ. ಐದನೆಯದರ ಬಗ್ಗೆ ಕೆಳಗಿದ್ದವರ ಜೊತೆ ಬಹಳ ಹೊತ್ತು ಚರ್ಚೆ ಮಾಡಿ, ಇಳಿದು ಬಂದ.